ಒಳಗೆ ಹೋಗುವ ಮುನ್ನ ಹೊರದಾರಿ

ಊರಿನಲ್ಲಿ ಪೆಟ್ರೋಲ್ ಬಂಕಿಗೆ ಹೋಗುವುದನ್ನು ಯಾರೂ ಒಂದು ಕೆಲಸವೆಂದು ಎಣಿಸುವುದಿಲ್ಲ. ಬಂಕಿನ ಹುಡುಗ ಕೈ ಬೀಸಿ ಕರೆಯುತ್ತಾನೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲಿಸುತ್ತಾನೆ, ಮೀಟರಿನಲ್ಲಿ ಸೊನ್ನೆ ತೋರಿಸಿ ಪೆಟ್ರೋಲ್ ಹಾಕುತ್ತಾನೆ. ಅಮೆರಿಕದಲ್ಲಿ ನ್ಯೂಜೆರ್ಸಿಯಂಥ ಕಡೆ ಬಿಟ್ಟರೆ ಎಲ್ಲವನ್ನೂ ನಾವೇ ಮಾಡಿಕೊಳ್ಳಬೇಕು. ಕೈ ಬೀಸುವವರು ಯಾರೂ ಇರುವುದಿಲ್ಲ. ಕಾರಿಗಾದರೆ ಇದು ಕಷ್ಟವಲ್ಲ. ಹಿಂದೆ ಒಂದು ಮನೆಯನ್ನೇ ಕಟ್ಟಿಕೊಂಡು ಹೊರಟಾಗ ಮಾತು ಬೇರೆ.

ನಾವಿರುವುದು ಕೊಲೊರಾಡೊದ ಡೆನ್ವರ್ ಬಳಿ. ಬೇಸಿಗೆ ಬಂತೆಂದರೆ ಪಿಕಪ್ ಟ್ರಕ್ಕಿಗೆ ಆರ್‌ವಿ ಟ್ರೇಲರ್ ತಗುಲಿಸಿಕೊಂಡು ಹೊರಡುತ್ತೇವೆ. ಒಳಗೆ ಮಂಚ, ಒಲೆ, ಫ್ರಿಜ್, ಬಚ್ಚಲು ಎಲ್ಲವೂ ಇರುವ ಬಂಡಿ ಅದು. ಎರಡೂ ಸೇರಿ 52 ಅಡಿ, ಅಂದರೆ ಸುಮಾರು 16 ಮೀಟರ್. ನಮ್ಮ ಕಡೆಯ 12 ಮೀಟರಿನ ಬಸ್ಸಿಗಿಂತ ಉದ್ದ, ಜೊತೆಗೆ ನಡುವೆ ಮುರಿಯುವ ಒಂದು ಕೀಲು. ಬರಿಯ ಪಿಕಪ್ ಗ್ಯಾಲನ್‌ಗೆ 20 ಮೈಲಿ ಓಡುತ್ತದೆ, ಟ್ರೇಲರ್ ಎಳೆಯುವಾಗ 9 ಮೈಲಿಗೆ ಇಳಿಯುತ್ತದೆ. 26 ಗ್ಯಾಲನ್‌ನ ಟ್ಯಾಂಕ್ ತುಂಬಿಸಿದರೂ 230 ಮೈಲಿ ದಾಟುವುದು ಕಷ್ಟ. ಏರುದಾರಿ, ಎದುರುಗಾಳಿ ಸಿಕ್ಕಿದರೆ ಇನ್ನೂ ಕಡಿಮೆ. ಹಾಗಾಗಿ ದಿನಕ್ಕೆ ಎರಡು ಸಲವಾದರೂ ಬಂಕ್ ಹುಡುಕಲೇಬೇಕು.

ಕಳೆದ ಬೇಸಿಗೆಯಲ್ಲಿ ಅಪ್ಪ ಮದ್ದೂರಿನಿಂದ ಬಂದಿದ್ದರು. ಯೂಟಾದ ಕೆಂಪು ಬಂಡೆಗಳನ್ನು ತೋರಿಸಲು ಇಂಟರ್‌ಸ್ಟೇಟ್ 70ರಲ್ಲಿ ಪಶ್ಚಿಮಕ್ಕೆ ಹೊರಟೆವು. ನಾನು ಓಡಿಸುತ್ತಿದ್ದೆ, ಅಪ್ಪ ಪಕ್ಕದಲ್ಲಿ, ನನ್ನವರು ಹಿಂದಿನ ಸೀಟಿನಲ್ಲಿ ಮಗುವಿನೊಡನೆ. ಟ್ಯಾಂಕ್ ಕಾಲು ಭಾಗಕ್ಕಿಂತ ಕೆಳಗಿಳಿದಾಗ ಒಂದು ಸಣ್ಣ ಊರಿನಲ್ಲಿ ರಸ್ತೆಯಿಂದಲೇ ಕಂಡ ಬಂಕಿಗೆ ತಿರುಗಿಸಿದೆ. ಪೆಟ್ರೋಲ್ ಹಾಕಿದ್ದಾಯಿತು. ಹೊರಡಲು ನೋಡಿದರೆ ದಾರಿಯಿಲ್ಲ. ಪಂಪಿನ ಬಳಿ ನಿಂತ ಬಂಡಿಯ ಮೂತಿ ನೇರ ಅಂಗಡಿಗೇ ಎದುರಾಗುವಂತಿತ್ತು, ಆ ಮೂತಿಯ ಮುಂದೆ ಅಂಗಡಿಗೆ ಸಾಮಾನು ತಂದ ವ್ಯಾನ್ ನಿಂತಿತ್ತು. ಎಡಕ್ಕೆ ಪೂರ್ತಿ ತಿರುಗಿಸಿ ಮೆಲ್ಲಗೆ ಮುಂದೆ ಸರಿದೆ.

ಆಗ ಅಪ್ಪ "ನಿಲ್ಲಿಸಮ್ಮ" ಎಂದು ಇಳಿದುಹೋದರು. ಒಂದು ಗಳಿಗೆಯ ಮೇಲೆ ಟ್ರೇಲರಿನ ಮೈಯನ್ನು ಅಂಗೈಯಿಂದ ಎರಡು ಸಲ ಬಡಿದ ಸದ್ದು ಕೇಳಿಸಿತು. ಊರಿನಲ್ಲಿ ಲಾರಿ ಕ್ಲೀನರ್ ಬಡಿಯುವ ಅದೇ ಸದ್ದು. ಇಳಿದು ಹೋಗಿ ನೋಡಿದೆ. ಪಂಪಿಗೆ ಕಾವಲಾಗಿ ನೆಟ್ಟ ಹಳದಿ ಬಣ್ಣದ ಕಬ್ಬಿಣದ ಕಂಬಕ್ಕೂ ಟ್ರೇಲರಿನ ಹಿಂದಿನ ಮೂಲೆಗೂ ನಡುವೆ ನಾಲ್ಕು ಬೆರಳಿನ ಸಂದು. ಟ್ರೇಲರಿನ ಚಕ್ರಗಳ ಹಿಂದೆ ಹತ್ತಡಿಯಷ್ಟು ಮೈ ಚಾಚಿಕೊಂಡಿರುತ್ತದೆ. ಮುಂಭಾಗ ಎಡಕ್ಕೆ ಹೊರಳಿದಾಗ ಆ ಬಾಲ ಬಲಕ್ಕೆ ಬೀಸುತ್ತದೆ. ಕನ್ನಡಿಯಲ್ಲಿ ಅದು ಸರಿಯಾಗಿ ಕಾಣುವುದಿಲ್ಲ.

ಉಳಿದದ್ದು ಹಿಂದಕ್ಕೆ ತೆಗೆಯುವುದೊಂದೇ. ಅಪ್ಪ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಮಂಡ್ಯದ ಸಕ್ಕರೆ ಕಾರ್ಖಾನೆಗೆ ಟ್ರ್ಯಾಕ್ಟರಿನಲ್ಲಿ ಕಬ್ಬು ಹೊಡೆದವರು. ಕಿಟಕಿಯ ಬಳಿ ಬಂದು, "ಸ್ಟೇರಿಂಗನ್ನು ಮೇಲೆ ಹಿಡಿಯಬೇಡ, ಕೆಳಗೆ ಹಿಡಿ. ಹಿಂಭಾಗ ಯಾವ ಕಡೆಗೆ ಹೋಗಬೇಕೋ ಕೈಯನ್ನೂ ಆ ಕಡೆಗೇ ಸರಿಸು. ನಿಧಾನ ಕಣಮ್ಮ, ಸಾಕಾಗದಿದ್ದರೆ ಮತ್ತೆ ಮುಂದೆ ಬಾ" ಎಂದರು. ನನ್ನವರು ಹಿಂದೆ ನಿಂತಿದ್ದ ಎರಡು ಕಾರಿನವರನ್ನು ಕೇಳಿಕೊಂಡು ಜಾಗ ಬಿಡಿಸಿದರು. ಮುಂದೆ, ಹಿಂದೆ, ಮುಂದೆ, ಹಿಂದೆ. ಹೊರಗೆ ಬರಲು ಇಪ್ಪತ್ತು ನಿಮಿಷ ಹಿಡಿಯಿತು. "ಎರಡು ಟ್ರೇಲರ್ ಕಟ್ಟಿಕೊಂಡಿದ್ದರೆ ನಾವು ಹಿಂದಕ್ಕೆ ತೆಗೆಯಲು ಹೋಗುತ್ತಲೇ ಇರಲಿಲ್ಲ, ಒಂದನ್ನು ಕಳಚುತ್ತಿದ್ದೆವು" ಎಂದು ಅಪ್ಪ ಬೆವರು ಒರೆಸಿಕೊಂಡರು.

ಅಂದಿನಿಂದ ಬಂಕ್ ಹುಡುಕುವ ಕೆಲಸವನ್ನು ಹಿಂದಿನ ರಾತ್ರಿಯೇ ಮುಗಿಸುತ್ತೇನೆ. ಗೂಗಲ್ ನಕ್ಷೆಯ ಉಪಗ್ರಹ ಚಿತ್ರದಲ್ಲಿ ಬಂಕನ್ನು ಮೇಲಿನಿಂದ ನೋಡಿದರೆ ಬೇಕಾದದ್ದೆಲ್ಲ ಕಾಣುತ್ತದೆ. ರಸ್ತೆಗೆ ತೆರೆದುಕೊಳ್ಳುವ ಬಾಯಿ ಎರಡಿರಬೇಕು, ಒಂದರಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಗುವಂತೆ. ಪಂಪಿನ ಬಳಿ ಬಂಡಿ ಅಂಗಡಿಗೆ ಎದುರಾಗಿ ನಿಲ್ಲದೆ ಸಮಾನಾಂತರವಾಗಿ ನಿಲ್ಲುವಂತಿರಬೇಕು. ಆಗ ರಸ್ತೆ ಬದಿಯ ಕಟ್ಟಕಡೆಯ ಪಂಪಿನಲ್ಲಿ ನಿಂತು ನೇರವಾಗಿ ಮುಂದಕ್ಕೆ ಹೊರಡಬಹುದು. ಚಿತ್ರದಲ್ಲಿ ದೊಡ್ಡ ಟ್ರಕ್ಕೊಂದು ನಿಂತಿದ್ದರೆ ಅದೇ ನನ್ನ ಅಳತೆಗೋಲು. ಇಲ್ಲಿನ ಟ್ರಕ್ಕುಗಳು ಸುಮಾರು 70 ಅಡಿ. ಅದು ತಿರುಗುವ ಕಡೆ ನಮ್ಮದೂ ತಿರುಗುತ್ತದೆ.

ಹಾಗಾದರೆ ಟ್ರಕ್ಕುಗಳ ಸಾಲಿಗೇ ಹೋಗಬಾರದೇಕೆ ಎಂದು ಊರಿನ ಗೆಳತಿಯೊಬ್ಬಳು ಕೇಳಿದಳು. ಡೀಸೆಲ್ ಪಿಕಪ್ ಇರುವವರು ಹೋಗುತ್ತಾರೆ. ಆ ಸಾಲಿನಲ್ಲಿ ಸಾಮಾನ್ಯವಾಗಿ ಡೀಸೆಲ್ ಮಾತ್ರ ಸಿಗುತ್ತದೆ, ನಮ್ಮದು ಪೆಟ್ರೋಲ್. ನಮ್ಮಂಥವರಿಗೆ ಆಸರೆಯಾಗಿರುವುದು ಹೆದ್ದಾರಿ ಬದಿಯ ದೊಡ್ಡ ಟ್ರಕ್ ನಿಲ್ದಾಣಗಳು. ಫ್ಲೈಯಿಂಗ್ ಜೆ ಸರಣಿಯ ಅನೇಕ ಕಡೆ ಆರ್‌ವಿಗಳಿಗೆಂದೇ ಅಗಲವಾದ ಸಾಲುಗಳಿವೆ, ಪೆಟ್ರೋಲ್ ಡೀಸೆಲ್ ಎರಡೂ ಸಿಗುತ್ತವೆ. ಕೆಲವು ರಾಜ್ಯಗಳಲ್ಲಿ ಹೆದ್ದಾರಿಯ ನೀಲಿ ಫಲಕದಲ್ಲಿ ಬಂಕಿನ ಲಾಂಛನದ ಜೊತೆಗೆ ಚಿಕ್ಕ ಹಳದಿ ವೃತ್ತವಿರುತ್ತದೆ, ಅದರೊಳಗೆ ಕಪ್ಪು ಅಕ್ಷರದಲ್ಲಿ 'ಆರ್‌ವಿ' ಎಂದಿರುತ್ತದೆ. ಉದ್ದ ಬಂಡಿ ಸಲೀಸಾಗಿ ಬಂದು ಹೋಗಬಹುದೆಂಬ ಗುರುತು ಅದು. ಆ ಹಳದಿ ಚುಕ್ಕೆ ಕಂಡರೆ ನನಗೆ ನಿಜವಾಗಿಯೂ ಜೀವ ಬಂದಂತಾಗುತ್ತದೆ.

ಎಲ್ಲಕ್ಕಿಂತ ಸುಲಭದ ಉಪಾಯ ಇನ್ನೊಂದಿದೆ. ಸಂಜೆ ತಂಗುವ ಜಾಗದಲ್ಲಿ ಟ್ರೇಲರ್ ಕಳಚಿದ ಮೇಲೆ ಬರಿಯ ಪಿಕಪ್ಪಿನಲ್ಲಿ ಹೋಗಿ ಟ್ಯಾಂಕ್ ತುಂಬಿಸಿಕೊಂಡು ಬರುವುದು. ಬೆಳಗಿನ ಅರ್ಧ ದಿನದ ಚಿಂತೆ ಅಲ್ಲಿಗೆ ಕಳೆಯಿತು. ನಮ್ಮ ಫ್ರಿಜ್ ದಾರಿಯಲ್ಲಿ ಪ್ರೊಪೇನ್ ಉರಿಯಿಂದ ನಡೆಯುವಂಥದ್ದು. ಬಂಕಿನೊಳಗೆ ಕಾಲಿಡುವ ಮೊದಲೇ ಅದನ್ನು ಆರಿಸಿ ಸಿಲಿಂಡರ್ ಮುಚ್ಚಬೇಕು, ಇದರಲ್ಲಿ ಉದಾಸೀನ ಕೂಡದು.

ಪಂಪಿನ ಬಳಿ ಹೆಚ್ಚು ಹೊತ್ತು ನಿಲ್ಲುವುದೂ ನನಗೆ ಸರಿಬರುವುದಿಲ್ಲ. ಇಲ್ಲಿನ ಟ್ರಕ್ ಚಾಲಕರಿಗೆ ಕೆಲಸ ಶುರುವಾದ ಗಳಿಗೆಯಿಂದ 14 ಗಂಟೆಯ ಅವಧಿ. ಅದರೊಳಗೆ 11 ಗಂಟೆ ಮಾತ್ರ ಓಡಿಸಬಹುದು. ಊಟ, ಡೀಸೆಲ್, ಸರಕು ಇಳಿಸಲು ಕಾಯುವುದು ಎಲ್ಲವೂ ಆ ಹದಿನಾಲ್ಕರೊಳಗೇ. ಟ್ರಕ್ಕುಗಳ ಸಾಲಿಗೆ ಹೋಗುವ ಡೀಸೆಲ್ ಪಿಕಪ್ಪಿನವರು ಅಲ್ಲಿ ನಿಂತು ಕಾಫಿ ಕುಡಿದರೆ ಅವರ ದುಡಿಮೆಯ ಹೊತ್ತನ್ನು ಕುಡಿದಂತೆ. ಇದನ್ನು ಹೇಳಿದಾಗ ಅಪ್ಪ ತಲೆಯಾಡಿಸಿದರು. ಕಾರ್ಖಾನೆಯ ಅಂಗಳದಲ್ಲಿ ಸರದಿಗಾಗಿ ಹಗಲೂ ರಾತ್ರಿ ಕಾದವರು ಅವರು. ಬಿಸಿಲಿಗೆ ಕಬ್ಬು ಒಣಗಿ ತೂಕ ಕಳೆದುಕೊಳ್ಳುವುದನ್ನು ನೋಡುತ್ತ ಕೂರುವ ಸಂಕಟ ಅವರಿಗೆ ಗೊತ್ತು.

ಯೂಟಾದ ಗ್ರೀನ್ ರಿವರ್ ಊರಿನಿಂದ ಸಲೈನಾ ತನಕ ಇಂಟರ್‌ಸ್ಟೇಟ್ 70ರಲ್ಲಿ ನೂರು ಮೈಲಿಗೂ ಹೆಚ್ಚು ದೂರ ಒಂದೂ ಬಂಕ್ ಇಲ್ಲ. ಬೆಂಗಳೂರಿನಿಂದ ಮೈಸೂರಿಗಿಂತ ದೂರದ ದಾರಿ, ಅದೂ ಬೆಟ್ಟ ಏರಿಕೊಂಡು. ಅರ್ಧ ಟ್ಯಾಂಕ್ ನಂಬಿಕೊಂಡು ಹೊರಡುವ ಜಾಗವಲ್ಲ. ಗ್ರೀನ್ ರಿವರ್‌ನಲ್ಲಿ ರಸ್ತೆಯ ಬದಿಗೇ ನಿಲ್ಲಿಸಿದೆ. ಅಪ್ಪ ಇಳಿದು, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಂಕಿನ ಒಳಗೆ ಹೋಗಿ ಕೊನೆಯ ಪಂಪಿನಿಂದ ಹೊರದಾರಿಯ ತನಕ ಹೆಜ್ಜೆ ಎಣಿಸುತ್ತ ನಡೆದರು. ಅಲ್ಲಿ ನಿಂತು ಎರಡೂ ಕಡೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, ಬಲಗೈ ಎತ್ತಿ, ಬಾ ಎಂದು ಬೀಸಿದರು.