ಆರು ಗುಂಡುಗಳ ಲೆಕ್ಕ

1971ರಲ್ಲಿ ವಿಲಿಯಂ ಫ್ರೀಡ್ಕಿನ್ ನಿರ್ದೇಶಿಸಿದ 'ದಿ ಫ್ರೆಂಚ್ ಕನೆಕ್ಷನ್' ಚಿತ್ರದಲ್ಲಿ, ಮಾದಕವಸ್ತು ಸಾಗಣೆಯ ಜಾಡು ಹಿಡಿದ ನ್ಯೂಯಾರ್ಕಿನ ಪತ್ತೆದಾರ ಪಾಪೈ ಡಾಯ್ಲ್‌ನ ಆಯುಧ ಅಂಗೈಯಲ್ಲಿ ಅಡಗುವಷ್ಟು ಚಿಕ್ಕದು. ಕೋಲ್ಟ್ ಕಂಪನಿ 1927ರಲ್ಲಿ ಹೊರತಂದ 'ಡಿಟೆಕ್ಟಿವ್ ಸ್ಪೆಷಲ್' ರಿವಾಲ್ವರ್ ಅದು. ನಳಿಗೆಯ ಉದ್ದ ಎರಡೇ ಅಂಗುಲ, ಒಳಗೆ.38 ಅಳತೆಯ ಆರೇ ಗುಂಡು. ಈ ಆರರ ಮಿತಿಯೇ ಚಿತ್ರದ ಭೀಕರತೆಯನ್ನು ಹೊತ್ತಿದೆ ಎಂಬುದು ನನಗೆ ಅರ್ಥವಾದದ್ದು, ಒಂದು ಭಾನುವಾರ ನನ್ನ ಸೋದರಮಾವನ ಪಕ್ಕದಲ್ಲಿ ಕುಳಿತು ಅದನ್ನು ನೋಡಿದಾಗ.

ಮಾವ ಜಿಲ್ಲಾ ಸಶಸ್ತ್ರ ಮೀಸಲು ಪಡೆಯಲ್ಲಿ ಶಸ್ತ್ರಾಗಾರದ ಕೆಲಸ ನೋಡಿಕೊಂಡು ನಿವೃತ್ತರಾದವರು. ಫೈರಿಂಗ್ ಅಭ್ಯಾಸ ಮುಗಿದ ಮೇಲೆ ನೆಲದಲ್ಲಿ ಬಿದ್ದ ಖಾಲಿ ತೋಟಾಗಳನ್ನು ಒಂದೊಂದಾಗಿ ಹೆಕ್ಕಿ, ಕೊಟ್ಟ ಗುಂಡಿನ ಲೆಕ್ಕಕ್ಕೆ ಸರಿಹೊಂದಿಸಿ ಒಪ್ಪಿಸುತ್ತಿದ್ದವರಿಗೆ, ನಾಯಕನು ಒಂದೇ ಪಿಸ್ತೂಲಿನಿಂದ ಕೊನೆಯಿಲ್ಲದೆ ಗುಂಡು ಹಾರಿಸುವ ಸಿನಿಮಾಗಳನ್ನು ಕಂಡರೆ ಸಿಟ್ಟು ಬರುತ್ತಿತ್ತು. ಆ ದಿನ ಮಾತ್ರ ಅವರು ತುಟಿ ಬಿಚ್ಚದೆ ನೋಡುತ್ತಿದ್ದರು.

ಫ್ರಾನ್ಸಿನ ಮಾರ್ಸೇಲ್‌ನಲ್ಲಿ ನಡೆಯುವ ಮೊದಲ ಕೊಲೆ ಬೇಗ ಮುಗಿಯುತ್ತದೆ. ಮುಂದೆ ಅದೇ ಕೊಲೆಗಾರ ನ್ಯೂಯಾರ್ಕಿನಲ್ಲಿ ಮಹಡಿಯ ಮೇಲಿನಿಂದ ದೂರದರ್ಶಕ ಜೋಡಿಸಿದ ರೈಫಲ್ಲಿನಿಂದ ಡಾಯ್ಲ್‌ಗೆ ಗುರಿಯಿಟ್ಟಾಗ ಗುಂಡು ತಗಲುವುದು ಕೂಸಿನ ಗಾಡಿ ತಳ್ಳುತ್ತಿದ್ದ ಹೆಂಗಸಿಗೆ. ದೂರದಿಂದ ಕೊಂದು, ರೈಫಲ್ಲನ್ನು ಅಲ್ಲೇ ಬಿಟ್ಟು ಹೋಗಬಲ್ಲವನ ಆಯುಧ ಅದು. ಡಾಯ್ಲ್‌ನ ರಿವಾಲ್ವರ್ ಹಾಗಲ್ಲ. ಅಷ್ಟು ಗಿಡ್ಡ ನಳಿಗೆಯನ್ನು ನಂಬಬೇಕಾದರೆ ಎದುರಾಳಿಯ ಹತ್ತಿರಕ್ಕೆ ಹೋಗಲೇಬೇಕು. ಮೇಲ್ಸೇತುವೆಯ ರೈಲನ್ನು ಕೆಳಗಿನ ರಸ್ತೆಯಲ್ಲಿ ಕಾರಿನಿಂದ ಬೆನ್ನಟ್ಟಿ, ನಿಲ್ದಾಣದ ಮೆಟ್ಟಿಲ ಬುಡದಲ್ಲಿ ನಿಂತು, ಓಡಲು ತಿರುಗಿದ ಕೊಲೆಗಾರನ ಬೆನ್ನಿಗೇ ಅವನು ಗುಂಡು ಹೊಡೆಯುತ್ತಾನೆ. ಚಿತ್ರದ ಜಾಹೀರಾತಿನಲ್ಲಿ ಜಗತ್ತೆಲ್ಲ ಕಂಡದ್ದು ಈ ದೃಶ್ಯವನ್ನೇ.

"ಬೆನ್ನಿಗೆ ಹೊಡೆದನಲ್ಲೋ," ಎಂದರು ಮಾವ. ಅವರ ದನಿಯಲ್ಲಿ ಮೆಚ್ಚುಗೆಯಿರಲಿಲ್ಲ.

ಕೊನೆಯ ಭಾಗದಲ್ಲಿ, ಪಾಳುಬಿದ್ದ ಕಟ್ಟಡದ ಕತ್ತಲಲ್ಲಿ ನೆರಳೊಂದನ್ನು ಕಂಡು ಡಾಯ್ಲ್ ಮೇಲಿಂದ ಮೇಲೆ ಗುಂಡು ಹಾರಿಸುತ್ತಾನೆ. ಸತ್ತು ಬಿದ್ದವನು ಕಳ್ಳಸಾಗಣೆಯ ಮುಖ್ಯಸ್ಥನಲ್ಲ, ಜತೆಗೆ ಬಂದಿದ್ದ ಕೇಂದ್ರೀಯ ಅಧಿಕಾರಿ. ರಿವಾಲ್ವರ್ ಖಾಲಿ ತೋಟಾಗಳನ್ನು ತಾನಾಗಿ ಹೊರಗೆ ಎಸೆಯುವುದಿಲ್ಲ. ಸಿಲಿಂಡರನ್ನು ಪಕ್ಕಕ್ಕೆ ಬಿಚ್ಚಿ, ಕಡ್ಡಿಯನ್ನು ಒತ್ತಿ ಅವನ್ನು ಉದುರಿಸಿ, ಹೊಸ ಗುಂಡುಗಳನ್ನು ಕೈಯಿಂದಲೇ ತುಂಬಬೇಕು. ಜತೆಗಾರ ಹೆಣದ ಬಳಿ ದಿಗ್ಭ್ರಮೆಯಿಂದ ನಿಂತಿರುವಾಗ ಡಾಯ್ಲ್ ಮಾಡುವುದು ಈ ಕೆಲಸವನ್ನೇ, ಮತ್ತು ಅದನ್ನು ಮಾಡುವಷ್ಟು ಹೊತ್ತಿನಲ್ಲಿಯೂ ಅವನು ತಾನು ಕೊಂದವನ ಕಡೆ ಮನಸ್ಸು ಕೊಡುವುದಿಲ್ಲ. ನಟ ಜೀನ್ ಹ್ಯಾಕ್‌ಮನ್‌ಗೆ ಈ ಪಾತ್ರಕ್ಕಾಗಿ ಸಂದ ಆಸ್ಕರ್ ಪ್ರಶಸ್ತಿಗೆ ಈ ಕೆಲವು ಕ್ಷಣಗಳೇ ಸಾಕಿದ್ದವು ಎಂದು ನಾನು ನಂಬುತ್ತೇನೆ.

"ನಮ್ಮಲ್ಲಾದರೆ ಆ ರಿವಾಲ್ವರನ್ನು ಅಲ್ಲೇ ಇಸಿದುಕೊಂಡು, ಖಾಲಿ ತೋಟಾ ಸಮೇತ ಪಂಚನಾಮೆ ಮಾಡಬೇಕು," ಎಂದು ಮಾವ ಎದ್ದು ಕುಳಿತರು. "ಅವನು ಸಾಕ್ಷ್ಯವನ್ನೇ ಉದುರಿಸಿಬಿಟ್ಟನಲ್ಲ!"

ನನಗೆ ಹೊಳೆಯದಿದ್ದ ಮಾತು ಅದು. ಪಾತ್ರದ ಕ್ರೌರ್ಯವನ್ನು ನಾನು ಅವನ ಮುಖದಲ್ಲಿ ಹುಡುಕುತ್ತಿದ್ದೆ, ಮಾವ ಅದನ್ನು ಆಯುಧದ ಲೆಕ್ಕದಲ್ಲಿ ಕಂಡಿದ್ದರು. ನ್ಯೂಯಾರ್ಕ್ ಪೊಲೀಸರು ರಿವಾಲ್ವರ್‌ಗಳಿಂದ 9 ಎಂಎಂ ಪಿಸ್ತೂಲುಗಳಿಗೆ ಬದಲಾಗತೊಡಗಿದ್ದು 1993ರಲ್ಲಿ. ಹೆಚ್ಚು ಗುಂಡು ಹಿಡಿಯುವ ಅಂಥ ಪಿಸ್ತೂಲು ಡಾಯ್ಲ್‌ನ ಕೈಯಲ್ಲಿದ್ದಿದ್ದರೆ, ಹೆಣದ ಪಕ್ಕದಲ್ಲಿ ನಿಂತು ಮತ್ತೆ ಗುಂಡು ತುಂಬುವ ಅಗತ್ಯವೇ ಅವನಿಗೆ ಬೀಳುತ್ತಿರಲಿಲ್ಲ, ಅವನು ಎಂಥವನೆಂಬುದು ನಮಗೆ ಅಷ್ಟು ಸ್ಪಷ್ಟವಾಗಿ ಕಾಣುತ್ತಲೂ ಇರಲಿಲ್ಲ.