ಹೋದ ನೀರಿನ ಲೆಕ್ಕ

ಕೊಡಗಿನ ಕಕ್ಕಡ ತಿಂಗಳ ಮಳೆ ಹಿಡಿದ ವಾರದಲ್ಲಿ ನಮ್ಮ ರಸಾಯನಶಾಸ್ತ್ರದ ಮೇಷ್ಟ್ರು ತೀರಿಕೊಂಡರು. ಸುದ್ದಿ ಬಂದಾಗ ನಾನು ತೋಟದ ಉಗ್ರಾಣದಲ್ಲಿ ಮೈಲುತುತ್ತದ, ಅಂದರೆ ತಾಮ್ರದ ಸಲ್ಫೇಟಿನ, ಚೀಲದ ಮುಂದೆ ನಿಂತಿದ್ದೆ. ಚೀಲದ ಬಾಯಿ ಬಿಚ್ಚಲು ಕೈ ಬರಲಿಲ್ಲ.

ಪಿಯುಸಿಯ ಉಳಿದ ಪಾಠಗಳೆಲ್ಲ ಮರೆತುಹೋಗಿವೆ, ಮೋಲ್ ಒಂದು ಉಳಿದಿದೆ. “ಮನೆಯಲ್ಲಿ ಕಾಫಿ ಬೀಜವನ್ನು ಎಣಿಸಿ ಮಾರುತ್ತೀರೋ, ತೂಗಿ ಮಾರುತ್ತೀರೋ?” ಎಂದು ಮೊದಲ ದಿನವೇ ಕೇಳಿದ್ದರು. ತೂಗಿ ಎಂದೆವು. “ಅಣುಗಳೂ ಹಾಗೆಯೇ. ನೀರಿನ ಅಣುತೂಕ 18. ಹದಿನೆಂಟು ಗ್ರಾಂ ತೂಗಿದಿರೋ, 6.022 × 10²³ ಅಣುಗಳನ್ನು, ಅಂದರೆ ಒಂದು ಮೋಲ್, ಎಣಿಸಿದಂತಾಯಿತು.”

ಒಮ್ಮೆ ಮನೆಯಿಂದ ಮೈಲುತುತ್ತದ ಹರಳೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಿದ್ದೆ. ಊಟದ ಬಿಡುವಿನಲ್ಲಿ ನಾನೂ ಗೆಳೆಯನೂ ಪ್ರಯೋಗಾಲಯಕ್ಕೆ ನುಗ್ಗಿ, ಪಿಂಗಾಣಿ ಬಟ್ಟಲಲ್ಲಿ ಅದನ್ನು ಕಾಯಿಸಿದೆವು. ನವಿಲಿನ ಕತ್ತಿನಂತಿದ್ದ ನೀಲಿ ಅಂಚಿನಿಂದ ಬಿಳಿಚಿಕೊಳ್ಳುತ್ತ ಕೊನೆಗೆ ಸುಣ್ಣದ ಪುಡಿಯಂತಾಯಿತು. ಗೆಳೆಯ ಹೆದರಿ ನೀರು ಸುರಿದ. ನೀಲಿ ಮರಳಿತು, ಬಟ್ಟಲು ಪಟ್ಟೆಂದು ಸೀಳಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಮೇಷ್ಟ್ರು.

ಬೈಯಲಿಲ್ಲ. ಇನ್ನೊಂದು ಬಟ್ಟಲು ತಂದು, ಐದು ಗ್ರಾಂ ನೀಲಿ ಪುಡಿಯನ್ನು ನಮ್ಮಿಂದಲೇ ತೂಗಿಸಿ ಕಾಯಿಸಿದರು. “ಹರಳಿನೊಳಗಿಂದ ಹೋದ ನೀರಿನ ಲೆಕ್ಕ ಕೊಟ್ಟು ಹೊರಡಿ” ಎಂದರು. ಉಳಿದದ್ದು 3.2 ಗ್ರಾಂ, ಹೋದದ್ದು 1.8. ನೀರು 1.8 ಭಾಗಿಸು 18, ಅಂದರೆ 0.1 ಮೋಲ್. ನೀರಿಲ್ಲದ ತಾಮ್ರದ ಸಲ್ಫೇಟಿನ ಅಣುತೂಕ 159.5, ಹಾಗಾಗಿ ಅದು 0.02 ಮೋಲ್. ಒಂದಕ್ಕೆ ಐದು! ಪುಸ್ತಕದಲ್ಲಿ ಸೂತ್ರದ ಬಾಲಕ್ಕೆ ಅಂಟಿಕೊಂಡಿದ್ದ ‘5H₂O’ ನಮ್ಮ ತಕ್ಕಡಿಯಲ್ಲೇ ಸಿಕ್ಕಿತ್ತು. ಗೆಳೆಯನಿಗಿಂತ ಮೊದಲು ನಾನೇ ಹೇಳಿದೆ. ಆಮೇಲೆ ಮೋಲ್ ಲೆಕ್ಕದಲ್ಲಿ ತರಗತಿಯಲ್ಲಿ ನನ್ನನ್ನು ಹಿಂದಿಕ್ಕಿದವರಿಲ್ಲ.

ಈಗ ನನ್ನ ಮೊಮ್ಮಗಳು ಇಂಥ ಲೆಕ್ಕವನ್ನು ಅರೆ ನಿಮಿಷದಲ್ಲಿ ಮುಗಿಸಿ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುತ್ತಾಳೆ. ಜಾಣೆ. ಆದರೆ ಅವಳ ಕೈಗೆ ಇದುವರೆಗೆ ಯಾರೂ ತಕ್ಕಡಿ ಕೊಟ್ಟಿಲ್ಲ, ಹರಳು ಬಿಳಿಚುವುದನ್ನು ಅವಳು ಕಂಡಿಲ್ಲ. ಅದು ನನಗೆ ನೋವಿನ ಸಂಗತಿ.

ಕರಿಮೆಣಸಿನ ಬಳ್ಳಿಗೆ ರೋಗ ತಡೆಯಲು ಹೊಡೆಯುವ ಶೇಕಡಾ ಒಂದರ ಬೋರ್ಡೋ ದ್ರಾವಣವನ್ನು ನಮ್ಮಲ್ಲಿ ಇಂದಿಗೂ ನಾನೇ ಕದಡಿಸುವುದು: ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಅಕ್ಕಪಕ್ಕದ ತೋಟದವರೂ ಅಳತೆ ಕೇಳಲು ನನ್ನಲ್ಲಿಗೇ ಬರುತ್ತಾರೆ. ಹರಳಿನ ಅಣುತೂಕ 249.5, ಆದ್ದರಿಂದ ಕಿಲೋ ಎಂದರೆ ಹೆಚ್ಚುಕಡಿಮೆ ನಾಲ್ಕು ಮೋಲ್.

ಮೇ ತಿಂಗಳಲ್ಲಿ ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ಮೇಷ್ಟ್ರು ಸಿಕ್ಕಿದ್ದರು. “ಈ ಸಲ ಎಷ್ಟು ಮೋಲ್ ಹೊಡೆಸಿದೆಯಪ್ಪಾ?” ಎಂದರು. ನಲವತ್ತು ಸರ್, ಎಂದೆ. “ಹತ್ತು ಕಿಲೋ” ಎಂದು ಆ ಕ್ಷಣವೇ ಹೇಳಿ, ಬೆನ್ನು ತಟ್ಟಿ, ಕೊಡೆ ಬಿಚ್ಚಿಕೊಂಡು ಜನರ ನಡುವೆ ನಡೆದುಹೋದರು.