ದುರ್ಗದ ಬೈಲಿನಿಂದ ಲಕ್ಕುಂಡಿಗೆ, ಮಣಿಗಳ ತೂತು ನೋಡುತ್ತಾ

ಅಜ್ಜಿಯ ಬೋರಮಾಳದ, ಅಂದರೆ ಬಂಗಾರದ ಗುಂಡುಗಳ ಸರದ, ದಾರ ಹರಿದು ಎರಡು ವರ್ಷ ಆಗಿತ್ತು. ಬೆಂಗಳೂರಿನಲ್ಲಿ ಕೇಳಿದ ಕಡೆಯೆಲ್ಲ 'ಇದನ್ನ ಕರಗಿಸಿ ಹೊಸದು ಮಾಡಿಸಿ ಮೇಡಂ' ಅಂದರೇ ಹೊರತು, ಪೋಣಿಸಿ ಕೊಡ್ತೀವಿ ಅಂದವರು ಒಬ್ಬರೂ ಇಲ್ಲ. ಕೊನೆಗೆ ಗುಂಡುಗಳನ್ನೆಲ್ಲ ಅಜ್ಜಿಯ ಕುಂಕುಮದ ಡಬ್ಬಿಗೇ ಹಾಕಿಕೊಂಡು ಶುಕ್ರವಾರ ರಾತ್ರಿ ರೈಲು ಹತ್ತಿದೆ.

ಬೆಳಿಗ್ಗೆ ಹುಬ್ಬಳ್ಳಿ. ಪೇಟೆ ತೆರೆಯಲು ಇನ್ನೂ ಹೊತ್ತಿತ್ತು, ಅದಕ್ಕೆ ಮೊದಲು ಸಿದ್ಧಾರೂಢ ಮಠಕ್ಕೆ ಹೋದೆ. ಹೊರಗೆ ಒಬ್ಬರು ರುದ್ರಾಕ್ಷಿ, ಸ್ಫಟಿಕ, ತುಳಸಿ ಮಣಿ ಸರಗಳನ್ನು ಆಗಷ್ಟೇ ತೂಗುಹಾಕುತ್ತಿದ್ದರು. ಸ್ಫಟಿಕದ ಸರ ಕೈಗೆ ತೆಗೆದುಕೊಂಡರೆ ಬೆಳಗಿನ ಹೊತ್ತಲ್ಲಿ ತಣ್ಣಗೆ ಕೊರೆಯಿತು. ಗಾಜೂ ಹಾಗೇ ಕಾಣುತ್ತದೆ, ಆದರೆ ಬೆಳಕಿಗೆ ಹಿಡಿದರೆ ಎಷ್ಟೋ ಸಲ ಗಾಜಿನ ಒಳಗೆ ಸಣ್ಣ ದುಂಡನೆ ಗುಳ್ಳೆ ಸಿಗುತ್ತವೆ. ಸ್ಫಟಿಕ ಗಾಜಿಗಿಂತ ಗಟ್ಟಿ, ಗಾಜಿನ ಮೇಲೆ ಎಳೆದರೆ ಗೀರು ಬೀಳುತ್ತದೆ.

ಹನ್ನೊಂದಕ್ಕೆ ದುರ್ಗದ ಬೈಲಿಗೆ ಬಂದೆ. ಇಬ್ಬರು ಮೂವರನ್ನು ಕೇಳಿಕೊಂಡು ಒಂದು ಸಂದಿಯಲ್ಲಿ, ರೇಷ್ಮೆ ದಾರದಲ್ಲಿ ಸರ ಪೋಣಿಸಿ ಕೊಡುವ ಪಟವೇಗಾರ ಕಾಕಾ ಒಬ್ಬರನ್ನು ಹುಡುಕಿದೆ. ಅಂಗಡಿ ಅಂದರೆ ಒಂದು ಕಟ್ಟೆ, ಒಂದು ದಿಂಬು, ಬಣ್ಣಬಣ್ಣದ ರೇಷ್ಮೆ ದಾರದ ಲಡಿಗಳು, ಅಷ್ಟೇ. ಡಬ್ಬಿಯನ್ನು ಬಿಳಿ ಬಟ್ಟೆಯ ಮೇಲೆ ಸುರಿದು ನನ್ನ ಮುಂದೆಯೇ ಎಣಿಸಿದರು. 43 ಗುಂಡು.

ಬೋರಮಾಳದ ಗುಂಡು ಬೋರೆ ಹಣ್ಣಿನಂತೆ ದುಂಡಗಿರುತ್ತದೆ, ಹೆಸರೂ ಅದರಿಂದಲೇ. ಹೊರಗೆ ತೆಳ್ಳನೆ ಬಂಗಾರದ ತಗಡು, ಒಳಗೆ ಅರಗು. ಅರಗು ಇಲ್ಲದಿದ್ದರೆ ಬೆರಳಲ್ಲಿ ಒತ್ತಿದರೂ ತಗ್ಗು ಬೀಳುತ್ತದೆ. ಕರಗಿಸಲು ಕೊಟ್ಟರೆ ಅರಗೆಲ್ಲ ಸುಟ್ಟುಹೋಗಿ ಬಂಗಾರ ಮಾತ್ರ ಉಳಿಯುತ್ತದೆ, ಆಗ ತೂಕ ನೋಡಿ ಎದೆ ಒಡೆಯುತ್ತದೆ. ಕಾಕಾ ಒಂದು ಗುಂಡು ಎತ್ತಿ ತೂತನ್ನು ನನ್ನ ಕಡೆ ತಿರುಗಿಸಿದರು. ದಾರ ಉಜ್ಜಿ ಉಜ್ಜಿ ಅಂಚು ಹರಿದು, ಒಳಗಿನ ಕಂದು ಅರಗು ಕಾಣುತ್ತಿತ್ತು.

'ಅಕ್ಕಾರ, ಮಣಿ ತೊಗೊಳ್ಳೂ ಮುಂದ ಎಲ್ಲಾರೂ ಬಣ್ಣಾ ನೋಡ್ತಾರ್ರಿ. ನೀವು ತೂತ ನೋಡ್ರಿ,' ಅಂದರು.

ಈ ಮಾತು ನನಗೆ ಎಲ್ಲಿಗೆ ನಾಟಬೇಕೋ ಅಲ್ಲಿಗೇ ನಾಟಿತು. ಹೋದ ವರ್ಷ ಒಂದು ಅಂಗಡಿಯಲ್ಲಿ ಹವಳ ಅಂತ ಕೊಂಡ ಸರ, ಬೇಸಿಗೆಯ ಒಂದು ಮದುವೆಯಲ್ಲಿ ಬೆವರಿಗೆ ಬಣ್ಣ ಬಿಟ್ಟು ರವಿಕೆಯ ಕೊರಳೆಲ್ಲ ಕೆಂಪಾಗಿತ್ತು. ಆ ಸರವೂ ಬ್ಯಾಗಿನಲ್ಲಿತ್ತು, ತೆಗೆದು ಕೊಟ್ಟೆ. ತೂತಿನ ಸುತ್ತ ಬಣ್ಣ ದಟ್ಟವಾಗಿ ಕೂತಿತ್ತು, ಮೇಲೆ ತಿಳಿ. ಬಣ್ಣ ಹಾಕಿದ ಮಣಿಯಲ್ಲಿ ಹೀಗೇ, ತೂತಿನಲ್ಲೂ ಬಿರುಕಿನಲ್ಲೂ ಬಣ್ಣ ಜಾಸ್ತಿ ನಿಲ್ಲುತ್ತದೆ. ನಿಜವಾದ ಕೆಂಪು ಹವಳ ಹೆಚ್ಚಾಗಿ ಮೆಡಿಟರೇನಿಯನ್ ಸಮುದ್ರದ್ದು, ಪುಟ್ಟ ಪುಟ್ಟ ಜೀವಿಗಳು ಕಟ್ಟಿದ್ದು, ಅದರ ಮೈಮೇಲೆ ಕೂದಲಿನಷ್ಟು ಸಣ್ಣ ಗೆರೆಗಳು ಉದ್ದಕ್ಕೆ ಇರುತ್ತವೆ. ಹವಳ, ಮುತ್ತು ಎರಡರಲ್ಲೂ ಇರುವುದು ಸುಣ್ಣದ ಅಂಶವೇ, ಹಾಗಾಗಿ ನಿಂಬೆಹಣ್ಣು, ಹುಣಸೆಹಣ್ಣು ಹಾಕಿ ತಿಕ್ಕಬೇಡಿ, ಹೊಳಪು ಹೋಗುತ್ತದೆ. ಮುತ್ತಿಗೂ ತೂತೇ ಸಾಕ್ಷಿ. ನಕಲಿಯದಾದರೆ ತೂತಿನ ಬಾಯಲ್ಲಿ ಲೇಪ ಸುಲಿದಿರುತ್ತದೆ.

'ಸಂಜಿ ಬರ್ರಿ, ಮಾಡಿ ಇಟ್ಟಿರ್ತೀನಿ' ಅಂದರು. ಅಲ್ಲೇ ಸುಮ್ನೆ ಕೂರುವ ಬದಲು ಗದಗ ಬಸ್ಸು ಹತ್ತಿದೆ. ಅಣ್ಣಿಗೇರಿ ದಾಟುವವರೆಗೂ ಎರೆ ಹೊಲ, ಬಿಸಿಲು, ನಿದ್ದೆ.

ಗದಗ ಬಸ್ ನಿಲ್ದಾಣದಲ್ಲಿ ಗಿರ್ಮಿಟ್ ತಿನ್ನುವಾಗ ಪಕ್ಕದಲ್ಲಿ ಲಂಬಾಣಿ ಅಜ್ಜಿಯೊಬ್ಬರು ಕೂತಿದ್ದರು. ಕೊರಳಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ಗಾಜಿನ ಮಣಿ ಹತ್ತಾರು ಎಳೆ, ನಡುನಡುವೆ ಕವಡೆ. ಇಂಥ ಮಣಿಗೆ ಯಾರೂ ತೂತು ಕೊರೆಯುವುದಿಲ್ಲ. ಕರಗಿದ ಗಾಜಿನೊಳಗೆ ಗಾಳಿಯ ಜಾಗ ಉಳಿಸಿಕೊಂಡು ಉದ್ದನೆ ಕೊಳವೆ ಎಳೆದು, ಆಮೇಲೆ ಚೂರು ಚೂರು ಕತ್ತರಿಸುತ್ತಾರೆ. ಆಂಧ್ರದ ಪಾಪನಾಯ್ಡುಪೇಟೆಯಲ್ಲಿ ಈ ಕೆಲಸವನ್ನು ಕೈಯಲ್ಲೇ ಮಾಡುತ್ತಿದ್ದರು. ನಮ್ಮ ತಾಳಿಯ ಕರಿಮಣಿಯೂ ಗಾಜೇ. ಕಲ್ಲಿನ ಮಣಿಯ ಕತೆ ಬೇರೆ. ಗುಜರಾತಿನ ಖಂಬಾತ್‌ನಲ್ಲಿ ಕೆಂಪು ಅಕೀಕ್ ಕಲ್ಲನ್ನು ಬೆಂಕಿಯಲ್ಲಿ ಬಿಸಿ ಮಾಡಿ ಬಣ್ಣ ಏರಿಸಿ, ವಜ್ರದ ಮೊನೆಯ ಬೈರಿಗೆಯಿಂದ ಎರಡೂ ಕಡೆಯಿಂದ ಕೊರೆದು ನಡುವೆ ಕೂಡಿಸುತ್ತಾರೆ.

ಲಕ್ಕುಂಡಿ ಅಲ್ಲಿಂದ ಸುಮಾರು 12 ಕಿಲೋಮೀಟರ್. ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯದೊಳಗೆ ನಾಲ್ಕು ಮುಖದ ಬ್ರಹ್ಮನ ಮೂರ್ತಿ ಇದೆ. ಅದರ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ. ಕೊರಳಿನ ಸರ, ತೋಳಿನ ಸರ, ನಡುಪಟ್ಟಿ, ಎಲ್ಲದರಲ್ಲೂ ಮಣಿಗಳೇ. ಪೋಣಿಸಬೇಕಾದ ಮಣಿಯಲ್ಲ, ಒಂದೇ ಕಲ್ಲಿನಲ್ಲಿ ಮೂಡಿಸಿದ್ದು, ಆದರೂ ಎದೆಯ ಏರಿನಲ್ಲಿ ಸರ ಭಾರಕ್ಕೆ ಜೋತು ಬಿದ್ದ ಹಾಗೆ ಬಾಗಿದೆ. ದಾರದಲ್ಲಿ ಪೋಣಿಸಿದ ಸರ ಮೈಮೇಲೆ ಹೇಗೆ ಕೂರುತ್ತದೆ ಅಂತ ದಿನಾ ನೋಡಿದವರಿಗೆ ಮಾತ್ರ ಹೀಗೆ ಕೆತ್ತಲು ಬರುತ್ತದೆ ಅನ್ನಿಸಿತು.

ವಾಪಸ್ ಬಂದಾಗ ಏಳು ಗಂಟೆ. ಕಾಕಾ ಕೊನೆಯ ಗಂಟು ಹಾಕುತ್ತಿದ್ದರು. ಕೆಂಪು ರೇಷ್ಮೆ ದಾರವನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿ ಹಿಡಿದು, ಅಂಗೈಯಲ್ಲಿ ಹೊಸೆದು, ತುದಿಗೆ ಗೊಂಡೆ ಕಟ್ಟಿದರು. ಆಮೇಲೆ ಮತ್ತೆ ನನ್ನ ಮುಂದೆ ಒಂದೊಂದೇ ಎಣಿಸಿದರು. 43.

'ತೂತ ಹರದಿದ್ದ ಗುಂಡ ಹಿಂದ ಹಾಕೀನ್ರಿ, ಜಡಿ ಕೆಳಗ ಬರ್ತೈತಿ. ಅಲ್ಲಿ ಜಗ್ಗಂಗಿಲ್ಲ,' ಅಂದರು. ಅಲ್ಲೇ ಕೊರಳಿಗೆ ಹಾಕಿಕೊಂಡು ರೈಲ್ವೆ ಸ್ಟೇಷನ್ ಕಡೆ ನಡೆದೆ.